ಒಂದು ಪಟ್ಟಿ ಗುಳಿಗಿಗೆ ಎಷ್ಟು ಕಾಗದ?

ಕಳೆದ ತಿಂಗಳು ಅವ್ವನ ಬಿಪಿ ಗುಳಿಗೆ ತರಲು ಸಂಜೆ ಹುಬ್ಬಳ್ಳಿಯ ಕೇಶ್ವಾಪುರದ ಕಡೆ ಹೋಗಿದ್ದೆ. ಬೇಕಾಗಿದ್ದು ಎರಡೇ ಪಟ್ಟಿ. ಮನೆಗೆ ಬಂದು ಚೀಲ ಬಿಚ್ಚಿದರೆ ಗುಳಿಗೆಗಿಂತ ಕಾಗದವೇ ಹೆಚ್ಚು. ಅರ್ಧ ಹಾಳೆಯ ಕಂಪ್ಯೂಟರ್ ಬಿಲ್, ಅದರ ಕೆಳಭಾಗವೆಲ್ಲ ಖಾಲಿ. ಕಾರ್ಡ್ ಉಜ್ಜಿದ್ದಕ್ಕೆ ಬಂದ ಉದ್ದನೆಯ ಚೀಟಿ. ಡಾಕ್ಟರರ ಚೀಟಿಯ ಒಂದು ಝೆರಾಕ್ಸ್. ಇನ್ನೊಂದನ್ನು ಅಂಗಡಿಯವರು ಇಟ್ಟುಕೊಂಡಿದ್ದರು. ಸಕ್ಕರೆ ಕಾಯಿಲೆ ತಪಾಸಣೆಯ ಜಾಹೀರಾತು. ಕೊನೆಗೆ ಗುಳಿಗೆ ಹಾಕಿದ್ದ ಪುಟ್ಟ ಲಕೋಟೆ. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ‘ಮುಂಜಾನೆ 1, ನಾಷ್ಟಾ ಆದ ಮ್ಯಾಲೆ’ ಎಂದು ಬರೆದಿತ್ತು.

ಅವ್ವ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಲಕೋಟೆಯನ್ನು ಗೂಡಿನಲ್ಲಿಟ್ಟಳು, ಬಿಲ್ಲನ್ನು ನನ್ನ ಕೈಗೆ ಕೊಟ್ಟಳು. “ಉಳದದ್ದು ರದ್ದಿಗಿ ಹಾಕ್ಬಿಡಪಾ” ಎಂದಳು.

ಔಷಧ ಅಂಗಡಿಯ ಕಾಗದ ಕಡಿಮೆ ಮಾಡುವುದು ಹೇಗೆ ಎಂದು ಯಾರು ಕೇಳಿದರೂ ನಾನು ಅವ್ವನ ಈ ವಿಂಗಡಣೆಯಿಂದಲೇ ಮಾತು ಶುರು ಮಾಡುತ್ತೇನೆ. ಯಾರಾದರೂ ಓದುವ ಕಾಗದ ಇರಬೇಕು. ಕಾನೂನು ಕೇಳುವ ಕಾಗದವೂ ಇರಬೇಕು. ಇವೆರಡೂ ಅಲ್ಲದ್ದು ಅಚ್ಚಾಗುವುದೇ ಬೇಡ. ತೊಡಕು ಏನೆಂದರೆ, ಕಾನೂನು ನಿಜವಾಗಿ ಎಷ್ಟು ಕೇಳುತ್ತದೆ ಎಂಬುದು ಗಿರಾಕಿಗಳಿಗಂತೂ ಗೊತ್ತಿಲ್ಲ, ಎಷ್ಟೋ ಅಂಗಡಿಕಾರರಿಗೂ ಖಚಿತವಿಲ್ಲ. ಹೀಗಾಗಿ ‘ಇನ್ಸ್‌ಪೆಕ್ಟರ್ ಕೇಳಿದರೆ ಇರಲಿ’ ಎಂಬ ಅಂಜಿಕೆಯಲ್ಲಿ ಎಲ್ಲವೂ ಎರಡೆರಡು ಪ್ರತಿ ಆಗುತ್ತದೆ.

ಈ ಅಂಜಿಕೆಯ ತೂಕವೆಷ್ಟು? ದಿನಕ್ಕೆ 150 ಬಿಲ್ ಮಾಡುವ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಪ್ರತಿ ಬಿಲ್ಲಿಗೆ ಎ5 ಅಳತೆಯ, ಅಂದರೆ ಅರ್ಧ ಹಾಳೆಯ, ಎರಡು ಪ್ರತಿ. ದಿನಕ್ಕೆ 300 ಅರ್ಧ ಹಾಳೆ, ಪೂರ್ತಿ ಎ4 ಲೆಕ್ಕದಲ್ಲಿ 150 ಹಾಳೆ. 30 ದಿನಕ್ಕೆ 4500 ಹಾಳೆ, ಅಂದರೆ 9 ರೀಮು. 75 ಜಿಎಸ್‌ಎಂ ಕಾಗದದ ಒಂದು ರೀಮು ಸುಮಾರು 2.3 ಕಿಲೋ ತೂಗುತ್ತದೆ. ತಿಂಗಳಿಗೆ 21 ಕಿಲೋ, ವರ್ಷಕ್ಕೆ ಕಾಲು ಟನ್. ಇದು ಒಂದೇ ಅಂಗಡಿಯ ಬಿಲ್ಲಿನ ಲೆಕ್ಕ. ಝೆರಾಕ್ಸು, ರಿಜಿಸ್ಟರು, ಸಗಟು ವ್ಯಾಪಾರಿಗಳ ಇನ್‌ವಾಯ್ಸು ಇದರಲ್ಲಿ ಸೇರಿಲ್ಲ. ವಿದ್ಯಾನಗರದಿಂದ ಧಾರವಾಡದ ಸಿವಿಲ್ ಆಸ್ಪತ್ರೆಯವರೆಗೆ ದಾರಿಯುದ್ದಕ್ಕೂ ಎಷ್ಟು ಮೆಡಿಕಲ್ ಶಾಪ್‌ಗಳಿವೆ ಎಂದು ಚಿಗರಿ ಬಸ್ಸಿನ ಕಿಟಕಿಯಿಂದ ಒಮ್ಮೆ ಎಣಿಸಿ ನೋಡಿ.

ಕಾಗದ ಎಲ್ಲಿಂದಲೋ ಬರುವ ವಸ್ತುವಲ್ಲ ಎಂಬುದು ಹುಬ್ಬಳ್ಳಿ-ಧಾರವಾಡ ಅವಳಿ ನಗರದವರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕು. ಧಾರವಾಡದಿಂದ ಹಳಿಯಾಳದ ಹಾದಿ ಹಿಡಿದರೆ ದಾಂಡೇಲಿ. ಅಲ್ಲಿ ಕಾಳಿ ನದಿಯ ದಂಡೆಯಲ್ಲಿರುವ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದದ್ದು 1955ರಲ್ಲಿ. ಮೊದಮೊದಲು ಉತ್ತರ ಕನ್ನಡದ ಕಾಡಿನ ಬಿದಿರೇ ಅದರ ಕಚ್ಚಾವಸ್ತು. ನಮ್ಮ ಗಲ್ಲಾದ ಮೇಲಿನ ಹಾಳೆ ಆ ಕಾರ್ಖಾನೆಯದೇ ಇರಲಿ, ಬೇರೆ ಊರಿನದೇ ಇರಲಿ, ಅದರ ಹಿಂದೆ ಮರವೂ ನೀರೂ ಇದ್ದೇ ಇರುತ್ತವೆ.

ಕಾನೂನು ಕೇಳುವುದೆಷ್ಟು

ಔಷಧ ಮಾರಾಟಕ್ಕೆ ಮೂಲ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ. ಅದರಡಿ 1945ರಲ್ಲಿ ಬಂದ ನಿಯಮಗಳಲ್ಲಿ 65ನೇ ನಿಯಮ ಚಿಲ್ಲರೆ ಅಂಗಡಿಯ ದಾಖಲೆಗಳ ಬಗ್ಗೆ ಹೇಳುತ್ತದೆ. ಇದನ್ನು ಸಮಾಧಾನದಿಂದ ಓದಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ವೈದ್ಯರ ಚೀಟಿಯ ಮೇಲೆ ಕೊಟ್ಟ ಔಷಧವನ್ನು ‘ಪ್ರಿಸ್ಕ್ರಿಪ್ಷನ್ ರಿಜಿಸ್ಟರ್’ನಲ್ಲಿ ಬರೆಯಬೇಕು ಎಂದು ಅದು ಹೇಳುತ್ತದೆ, ನಿಜ. ಆದರೆ ಅಂಗಡಿಯಲ್ಲೇ ಬೆರೆಸಿ ತಯಾರಿಸದ, ಕಂಪನಿಯ ಪ್ಯಾಕಿನಿಂದಲೇ ತೆಗೆದುಕೊಡುವ ಔಷಧಗಳಿಗೆ, ಕ್ರಮಸಂಖ್ಯೆಯಿರುವ ಕ್ಯಾಶ್ ಮೆಮೊ ಪುಸ್ತಕದಲ್ಲೇ ಆ ವಿವರಗಳನ್ನು ಬರೆದರೂ ಸಾಕು ಎಂದೂ ಅದೇ ನಿಯಮ ಹೇಳುತ್ತದೆ. ಇವೆರಡರಲ್ಲಿ ಯಾವುದನ್ನು ಇಡುತ್ತೇವೆ ಎಂದು ಪರವಾನಗಿಗೆ ಅರ್ಜಿ ಹಾಕುವಾಗಲೇ ಲಿಖಿತವಾಗಿ ತಿಳಿಸಬೇಕು. ಕಾರ್ಬನ್ ಪ್ರತಿ ಓದಲು ಬಾರದಂತಿದ್ದರೆ ‘ರಿಜಿಸ್ಟರನ್ನೇ ಇಡಿ’ ಎನ್ನುವ ಅಧಿಕಾರ ಇಲಾಖೆಗಿದೆ.

ಈಗ ಮಿಶ್ರಣ ತಯಾರಿಸಿ ಕೊಡುವ ಅಂಗಡಿ ಎಲ್ಲಿದೆ? ಎಲ್ಲವೂ ಪಟ್ಟಿಯಲ್ಲಿ, ಬಾಟಲಿಯಲ್ಲಿ ಬರುವ ಕಾಲ. ಹಾಗಿದ್ದೂ ರಿಜಿಸ್ಟರಿನಲ್ಲೊಮ್ಮೆ, ಬಿಲ್ಲಿನಲ್ಲೊಮ್ಮೆ ಅದೇ ಹೆಸರು, ಅದೇ ಬ್ಯಾಚ್ ನಂಬರು ಬರೆಯುವ ಅಂಗಡಿಗಳನ್ನು ನಾನು ಬಲ್ಲೆ. ಅಂಥವರು ಮೊದಲು ಮಾಡಬೇಕಾದ ಕೆಲಸ, ತಮ್ಮ ಪರವಾನಗಿಯ ಹಳೆಯ ಕಡತ ತೆಗೆದು ಅಂದು ಯಾವ ಆಯ್ಕೆ ಬರೆದುಕೊಟ್ಟಿದ್ದೇವೆ ಎಂದು ನೋಡುವುದು. ಎರಡರಲ್ಲಿ ಒಂದು ಸಾಕಾಗಿದ್ದರೆ ಅರ್ಧ ಬರವಣಿಗೆ ಅಲ್ಲಿಗೇ ನಿಲ್ಲುತ್ತದೆ.

ಒಂದು ಅಪವಾದವಿದೆ, ಅದನ್ನು ಸಡಿಲ ಬಿಡಬಾರದು. 2014ರ ಮಾರ್ಚ್ 1ರಿಂದ ಜಾರಿಯಾದ ಷೆಡ್ಯೂಲ್ ಎಚ್‌1 ಪಟ್ಟಿ. ಸೆಫಿಕ್ಸಿಮ್, ಲೆವೊಫ್ಲಾಕ್ಸಾಸಿನ್‌ನಂಥ ಆ್ಯಂಟಿಬಯೋಟಿಕ್‌ಗಳು, ಆಲ್ಪ್ರಝೋಲಾಮ್, ಟ್ರಾಮಡಾಲ್, ಕ್ಷಯರೋಗದ ರಿಫಾಂಪಿಸಿನ್, ಐಸೋನಿಯಾಜಿಡ್ ಎಲ್ಲವೂ ಇದರಲ್ಲಿವೆ. ಇವನ್ನು ಕೊಟ್ಟ ಕ್ಷಣವೇ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಇಷ್ಟನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಆ್ಯಂಟಿಬಯೋಟಿಕ್‌ಗಳು ಬೇಕಾಬಿಟ್ಟಿ ಬಳಕೆಯಾಗಿ ರೋಗಾಣುಗಳು ಬಗ್ಗದಂತಾಗುತ್ತಿವೆ ಎಂಬ ಕಾರಣಕ್ಕೇ ಬಂದ ನಿಯಮವಿದು. ಇಲ್ಲಿ ಕಾಗದ ಉಳಿಸಲು ಹೋಗುವುದು ತಪ್ಪು ಜಾಗದಲ್ಲಿ ಜಿಪುಣತನ ಮಾಡಿದಂತೆ.

ಝೆರಾಕ್ಸಿನ ವಿಚಾರಕ್ಕೆ ಬರೋಣ. ಚೀಟಿಯ ಒಂದು ಪ್ರತಿಯನ್ನು ಅಂಗಡಿಯಲ್ಲೇ ಇಟ್ಟುಕೊಳ್ಳಬೇಕು ಎಂದು ನಿಯಮ ಹೇಳುವುದು ಷೆಡ್ಯೂಲ್ ಎಕ್ಸ್ ಔಷಧಗಳಿಗೆ: ಮೀಥೈಲ್‌ಫೆನಿಡೇಟ್, ಕೆಟಮಿನ್ ಈ ಬಗೆಯವು. ಅವಕ್ಕೆ ವೈದ್ಯರೇ ಎರಡು ಪ್ರತಿ ಬರೆಯಬೇಕು. ಒಂದನ್ನು ಅಂಗಡಿಯವರು 2 ವರ್ಷ ಕಾಯ್ದಿಡಬೇಕು. ಬಿಪಿ, ಸಕ್ಕರೆ, ಥೈರಾಯ್ಡ್ ಗುಳಿಗೆಗಳ ಚೀಟಿಗೆ 65ನೇ ನಿಯಮ ಝೆರಾಕ್ಸ್ ಕೇಳುವುದಿಲ್ಲ, ನಮೂದನ್ನಷ್ಟೇ ಕೇಳುತ್ತದೆ. 2015ರ ಔಷಧ ವೃತ್ತಿ ನಿಯಮಾವಳಿ ರೋಗಿಯ ಔಷಧ ದಾಖಲೆಗಳನ್ನು 5 ವರ್ಷ ಇಡಲು ಹೇಳಿದರೂ, ಬೇಕೆಂದಾಗ ಬೇಗ ಸಿಗುವಂತೆ ಕಂಪ್ಯೂಟರಿಗೆ ಹಾಕಿಕೊಳ್ಳಿ ಎಂದೂ ಅದೇ ಹೇಳುತ್ತದೆ. ನನ್ನ ಅವ್ವನ ಚೀಟಿಯ ಆ ಎರಡು ಝೆರಾಕ್ಸ್‌ಗಳು ಯಾರಿಗಾಗಿ ಆಗಿದ್ದವು ಎಂದು ಈಗಲೂ ಹೊಳೆಯುತ್ತಿಲ್ಲ.

ಬಿಲ್ ಮಾತ್ರ ಕೊಡಲೇಬೇಕು. ಚಿಲ್ಲರೆಯಲ್ಲಿ ಔಷಧ ಮಾರುವುದು ಕ್ಯಾಶ್ ಅಥವಾ ಕ್ರೆಡಿಟ್ ಮೆಮೊ ಮೇಲೆಯೇ ಆಗಬೇಕು. ಅಂಗಡಿಯ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಕ್ರಮಸಂಖ್ಯೆ, ತಾರೀಖು, ಔಷಧದ ಹೆಸರು, ಪ್ರಮಾಣ ಅದರಲ್ಲಿರಬೇಕು. ಅದರ ಪ್ರತಿ ಅಂಗಡಿಯ ದಾಖಲೆಯಲ್ಲಿ ಉಳಿಯಬೇಕು. ಜಿಎಸ್‌ಟಿ ಕಾನೂನಿನಲ್ಲಿ 200 ರೂಪಾಯಿಗಿಂತ ಕಡಿಮೆ ವ್ಯಾಪಾರಕ್ಕೆ, ಗಿರಾಕಿ ಕೇಳದಿದ್ದರೆ, ಬಿಡಿಬಿಡಿ ಬಿಲ್ ಬದಲು ದಿನದ ಕೊನೆಗೆ ಒಂದೇ ಒಟ್ಟು ಬಿಲ್ ಮಾಡಬಹುದು ಎಂಬ ರಿಯಾಯಿತಿಯಿದೆ. ಅದನ್ನು ತಂದು ಔಷಧ ನಿಯಮಕ್ಕೆ ಅಂಟಿಸಿ ‘ಸಣ್ಣ ವ್ಯಾಪಾರಕ್ಕೆ ಬಿಲ್ ಬೇಡ’ ಎನ್ನುವಂತಿಲ್ಲ. ಕಾಗದ ಉಳಿಸುವ ನೆಪದಲ್ಲಿ ಬಿಲ್ಲೇ ಇಲ್ಲವಾದರೆ ನಷ್ಟ ಗಿರಾಕಿಗೆ. ನಾಳೆ ಆ ಬ್ಯಾಚಿನ ಔಷಧ ಕಳಪೆ ಎಂದು ತಿಳಿದರೆ ಕೈಯಲ್ಲಿ ಏನೂ ಇರುವುದಿಲ್ಲ.

ಅಂಗಡಿಯ ಗಲ್ಲಾದಲ್ಲಿ

ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಟ್ಟ ದಿನದಿಂದ ಅದರ ಸೆಟ್ಟಿಂಗ್ ಮುಟ್ಟದವರೇ ಹೆಚ್ಚು. ‘ಸೇವ್’ ಒತ್ತಿದೊಡನೆ ಎರಡು ಪ್ರತಿ ಹೊರಬೀಳುವಂತೆ ಅದು ಇದ್ದರೆ, ಒತ್ತಿದ ಮೇಲೆ ‘ಪ್ರಿಂಟ್ ಬೇಕೇ?’ ಎಂದು ಕೇಳುವಂತೆ ಬದಲಿಸಿ. ಅಂಗಡಿಯ ಪ್ರತಿ ಕಂಪ್ಯೂಟರಿನಲ್ಲೇ ಉಳಿಯಲಿ. ಎಲೆಕ್ಟ್ರಾನಿಕ್ ದಾಖಲೆಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಮಾನ್ಯತೆ ಕೊಟ್ಟಿದೆ. ಜಿಎಸ್‌ಟಿ ಲೆಕ್ಕಪತ್ರವನ್ನೂ ಹಾಗೆ ಇಡಬಹುದು. ಆದರೆ ಔಷಧ ನಿಯಮಗಳ ಭಾಷೆ ಕಾರ್ಬನ್ ಪ್ರತಿಯ ಕಾಲದ್ದು, ರಿಜಿಸ್ಟರಿನಲ್ಲಿ ಫಾರ್ಮಾಸಿಸ್ಟರ ಸಹಿಯನ್ನೂ ಅದು ಕೇಳುತ್ತದೆ. ಆದ್ದರಿಂದ ಕಾಗದ ಪೂರ್ತಿ ಬಿಡುವ ಮುಂಚೆ ನಿಮ್ಮ ವಲಯದ ಔಷಧ ನಿಯಂತ್ರಣ ಕಚೇರಿಗೆ ಒಂದು ಪತ್ರ ಬರೆದು, ಉತ್ತರವನ್ನೂ ಬರವಣಿಗೆಯಲ್ಲೇ ಪಡೆದುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಅಧಿಕಾರಿ ವರ್ಗವಾದ ದಿನ ಹೊರಟುಹೋಗುತ್ತದೆ. ದಾಖಲೆಯನ್ನು ಎರಡು ಕಡೆ ಉಳಿಸಿ. ಕಂಪ್ಯೂಟರ್ ಕೆಟ್ಟಿತು ಎಂಬುದು ತಪಾಸಣೆಯ ದಿನ ಕಾರಣವಾಗುವುದಿಲ್ಲ.

ಇನ್ನು ಬಿಲ್ಲಿನ ಮೈ. ಬ್ಯಾಂಕ್ ಖಾತೆ, ದೊಡ್ಡ ಲೋಗೊ, ಯಾರೂ ಓದದ ಷರತ್ತುಗಳು ಇವನ್ನೆಲ್ಲ ಕಿತ್ತರೆ ಎ5 ಹಾಳೆಯ ಬಿಲ್ ಅದರ ಅರ್ಧದಲ್ಲಿ ಕೂತೀತು. ಗಿರಾಕಿಯ ಮೊಬೈಲಿಗೆ ಪಿಡಿಎಫ್ ಕಳಿಸುವುದಾದರೆ ಮೊದಲು ಕೇಳಿ. “ಬಿಲ್ ಕಾಗದದಾಗ ಕೊಡ್ಲ್ಯೋ, ಮೊಬೈಲಿಗೆ ಕಳಸ್ಲ್ಯೋ?” ಈ ಒಂದು ಪ್ರಶ್ನೆಗೆ ಎರಡು ಸೆಕೆಂಡು ಹಿಡಿಯುತ್ತದೆ. ಯಾವ ಗುಳಿಗೆ ಯಾರು ನುಂಗುತ್ತಾರೆ ಎಂಬುದು ಗುಟ್ಟಿನ ವಿಷಯ. ಬಿಲ್ಲಿಗೆಂದು ಕೊಟ್ಟ ನಂಬರಿಗೆ ಜಾಹೀರಾತು ಬರತೊಡಗಿದರೆ ಗಿರಾಕಿ ಮತ್ತೆ ಕಾಗದಕ್ಕೇ ಮರಳುತ್ತಾನೆ, ಮರಳುವುದು ನ್ಯಾಯವೂ ಹೌದು. ಕಾರ್ಡ್ ಯಂತ್ರದಲ್ಲಿ ಗಿರಾಕಿಯ ಪ್ರತಿಯನ್ನು ಕೇಳಿದರೆ ಮಾತ್ರ ಒತ್ತಿ.

ಸಗಟು ವ್ಯಾಪಾರಿಗಳಿಂದ ಬರುವ ಇನ್‌ವಾಯ್ಸಿನ ಕಟ್ಟೂ ಸಣ್ಣದಲ್ಲ. ಬಹುತೇಕ ಸಾಫ್ಟ್‌ವೇರ್‌ಗಳು ಖರೀದಿ ಬಿಲ್ಲನ್ನು ಫೈಲ್ ರೂಪದಲ್ಲೇ ಒಳಗೆ ಎಳೆದುಕೊಳ್ಳುತ್ತವೆ. ಇಮೇಲಿನಲ್ಲಿ ಫೈಲ್ ಕಳಿಸಿ ಎಂದರೆ ಬ್ಯಾಚ್ ನಂಬರು, ಎಕ್ಸ್‌ಪೈರಿ ಕೈಯಿಂದ ಟೈಪ್ ಮಾಡುವುದೂ ತಪ್ಪುತ್ತದೆ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನ, ಎಕ್ಸ್‌ಪೈರಿ ಅದರಲ್ಲೇ ಇವೆ.

ಥರ್ಮಲ್ ಕಾಗದದ ಉರುಳೆ ಸಣ್ಣದು, ಅಗ್ಗ, ಶಾಯಿ ಬೇಡ. ಎ5 ಬದಲು ಅದಕ್ಕೆ ಹೋದರೆ ಕಾಗದ ಉಳಿಯಿತು ಎಂದು ಹಲವರು ನಂಬಿದ್ದಾರೆ. ಉಳಿಯುತ್ತದೆ, ತೂಕದಲ್ಲಿ. ಆದರೆ ಬಿಸಿ ತಾಗಿದಲ್ಲಿ ಕಪ್ಪಾಗುವ ರಾಸಾಯನಿಕ ಲೇಪವೇ ಅದರ ಅಕ್ಷರ. ಆ ಲೇಪದಲ್ಲಿ ಬಿಸ್ಫಿನಾಲ್ ಎಂಬ ವಸ್ತು ಬಳಕೆಯಲ್ಲಿದೆ. ಯುರೋಪಿನ ಒಕ್ಕೂಟ ಬಿಸ್ಫಿನಾಲ್-ಎ ಬಳಕೆಯನ್ನು ಥರ್ಮಲ್ ಕಾಗದದಲ್ಲಿ 2020ರ ಜನವರಿಯಿಂದ ನಿರ್ಬಂಧಿಸಿದೆ. ದಿನವಿಡೀ ನೂರಾರು ಚೀಟಿ ಹರಿಯುವ, ನಡುನಡುವೆ ಸ್ಯಾನಿಟೈಸರ್ ಹಚ್ಚಿಕೊಳ್ಳುವ ಕೌಂಟರಿನ ಹುಡುಗರ ಕೈಯನ್ನು ನೆನೆದು ಹೇಳುತ್ತಿದ್ದೇನೆ: ಬಿಸ್ಫಿನಾಲ್ ಇಲ್ಲದ ಉರುಳೆ ಕೇಳಿ ತರಿಸಿ. ಈ ಚೀಟಿಯನ್ನು ಬೇರೆ ರದ್ದಿಯೊಡನೆ ಬೆರೆಸಬೇಡಿ. ಮರುಬಳಕೆಯ ಕಾಗದಕ್ಕೂ ಆ ಲೇಪ ಹೋಗಿ ಸೇರುತ್ತದೆ. ಅದರಲ್ಲಿ ಮಿರ್ಚಿ ಭಜಿ ಕಟ್ಟುವುದಂತೂ ಬೇಡವೇ ಬೇಡ.

ವಾಟ್ಸ್‌ಆ್ಯಪ್‌ನಲ್ಲಿ ಬಂದ ಚೀಟಿ

2020ರ ಮಾರ್ಚ್ 25ರಂದು ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ವೈದ್ಯರು ಸಹಿ ಮಾಡಿದ ಚೀಟಿಯ ಫೋಟೊ, ಸ್ಕ್ಯಾನ್ ಅಥವಾ ಇ-ಪ್ರಿಸ್ಕ್ರಿಪ್ಷನ್ನನ್ನು ರೋಗಿಗೆ ಇಮೇಲಿನಲ್ಲೋ ಮೆಸೇಜಿನಲ್ಲೋ ಕಳಿಸಬಹುದು. ರೋಗಿ ಸ್ಪಷ್ಟವಾಗಿ ಒಪ್ಪಿದರೆ ನೇರ ಔಷಧ ಅಂಗಡಿಗೂ ಕಳಿಸಬಹುದು. ಹೀಗೆ ಬಂದುದನ್ನು ಅಂಗಡಿಯಲ್ಲಿ ಮತ್ತೆ ಪ್ರಿಂಟ್ ತೆಗೆದು ತಂತಿಗೆ ಚುಚ್ಚಿದರೆ ಉಳಿತಾಯ ಎಲ್ಲಿ ಬಂತು? ಇಂಗ್ಲೆಂಡಿನಲ್ಲಿ ಆದದ್ದೂ ಇದೇ. ಅಲ್ಲಿ ಚೀಟಿ ವೈದ್ಯರ ಕಂಪ್ಯೂಟರಿನಿಂದ ಔಷಧ ಅಂಗಡಿಯ ಕಂಪ್ಯೂಟರಿಗೆ ನೇರ ಹೋಗುತ್ತದೆ. ಆದರೂ ಅಂಗಡಿಗಳು ಅದನ್ನು ‘ಟೋಕನ್’ ಎಂದು ಅಚ್ಚು ಹಾಕಿ ಬುಟ್ಟಿಯಲ್ಲಿಟ್ಟು ಕೆಲಸ ಮಾಡುವ ರೂಢಿ ಬೆಳೆಯಿತು. ಎಸ್ಟೋನಿಯಾದಲ್ಲಿ 2010ರಿಂದ ಗುರುತಿನ ಚೀಟಿ ತೋರಿಸಿದರೆ ದೇಶದ ಯಾವ ಅಂಗಡಿಯಲ್ಲಾದರೂ ಔಷಧ ಸಿಗುತ್ತದೆ. ನಮ್ಮಲ್ಲಿ 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆರಂಭವಾಗಿ 14 ಅಂಕಿಯ ‘ಆಭಾ’ ಆರೋಗ್ಯ ಸಂಖ್ಯೆ ಬಂದಿದೆ, ಆದರೆ ನಮ್ಮ ಓಣಿಯ ಅಂಗಡಿಯಲ್ಲಿ ಇನ್ನೂ ಮೊದಲು ಕೇಳುವ ಮಾತು “ಚೀಟಿ ತಂದೀರೇನ್ರಿ?” ಎಂಬುದೇ.

ಫೋಟೊದ ವಿಚಾರದಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯವಿದೆ. ಬಿಪಿ, ಸಕ್ಕರೆ ಗುಳಿಗೆಗಳಿಗೆ ಪರದೆಯ ಮೇಲೆ ಚೀಟಿ ನೋಡಿ ಕಟ್ಟಿಡಿ, ಒಯ್ಯಲು ಬಂದಾಗ ಮೂಲ ನೋಡಿ. ನಿದ್ದೆಯ ಗುಳಿಗೆ, ಟ್ರಾಮಡಾಲ್ ಇಂಥವಕ್ಕೆ ಫೋಟೊ ಒಪ್ಪಲೇಬೇಡಿ. ಕಾಗದದ ಮೇಲೆ ಅಂಗಡಿಯ ಮುದ್ರೆ ಒತ್ತಿದರೆ ಮುಂದಿನ ಅಂಗಡಿಯವನಿಗೆ ಗೊತ್ತಾಗುತ್ತದೆ. ಫೋಟೊಕ್ಕೆ ಮುದ್ರೆ ಬೀಳುವುದಿಲ್ಲ. ಒಂದೇ ಫೋಟೊ ದುರ್ಗದ ಬೈಲಿನಿಂದ ಲೈನ್ ಬಜಾರಿನವರೆಗೆ ಹತ್ತು ಅಂಗಡಿ ಸುತ್ತಬಹುದು. ಟೆಲಿಮೆಡಿಸಿನ್ ಮಾರ್ಗಸೂಚಿಯೂ ಷೆಡ್ಯೂಲ್ ಎಕ್ಸ್ ಮತ್ತು ಮಾದಕ ವಸ್ತು ಕಾಯ್ದೆಯ ಔಷಧಗಳನ್ನು ಪೂರ್ತಿ ಹೊರಗಿಟ್ಟಿದೆ.

ಗಿರಾಕಿಗಳು ಮಾಡಬಹುದಾದದ್ದು

ತಿಂಗಳಿಗೊಮ್ಮೆ ಅದೇ ಗುಳಿಗೆ ತರುವವರು ವೈದ್ಯರ ಮುಂದೆ ಕೂತಾಗ ಒಂದು ಮಾತು ಕೇಳಿ: “ಸರ್, ಇದನ್ನ ಎಷ್ಟು ತಿಂಗಳಾ ಮುಂದುವರಸ್ಬೇಕ್ರಿ, ಚೀಟಿ ಮ್ಯಾಲೆ ಬರದ್ಕೊಡ್ರಿ.” ನಿಯಮದಂತೆ ಒಂದು ಚೀಟಿಗೆ ಒಮ್ಮೆ ಮಾತ್ರ ಔಷಧ. ಮತ್ತೆ ಕೊಡಬಹುದು ಎಂದು ವೈದ್ಯರು ಬರೆದಿದ್ದರೆ, ಬರೆದಷ್ಟು ಸಲ ಕೊಡಬಹುದು. ಪ್ರತಿ ಸಲವೂ ಅಂಗಡಿಯವರು ವೈದ್ಯರ ಸಹಿಯ ಮೇಲ್ಗಡೆ ತಮ್ಮ ಹೆಸರು, ವಿಳಾಸ, ತಾರೀಖು ಹಾಕಬೇಕು. ‘3 ತಿಂಗಳು’ ಎಂಬ ಒಂದು ಸಾಲು ಎರಡು ಹೊಸ ಚೀಟಿಗಳನ್ನು, ಅಷ್ಟೇ ಸಲದ ಸರತಿಯನ್ನು ಉಳಿಸುತ್ತದೆ. ವೈದ್ಯರ ಅಕ್ಷರದ ಬಗ್ಗೆಯೂ ಸಂಕೋಚವಿಲ್ಲದೆ ಕೇಳಿ. ಔಷಧದ ಜೆನೆರಿಕ್ ಹೆಸರನ್ನು ಸ್ಪಷ್ಟವಾಗಿ, ಆದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕೆಂದು 2016ರಲ್ಲೇ ವೈದ್ಯರ ನಡಾವಳಿ ನಿಯಮಕ್ಕೆ ತಿದ್ದುಪಡಿ ಬಂದಿದೆ. ಓದಲಾಗದ ಚೀಟಿ ಮತ್ತೆ ದವಾಖಾನಿಗೆ ಹೋಗಿ ಬರುವಾಗ ಇನ್ನೊಂದು ಕಾಗದ ಹುಟ್ಟಿಸಿಕೊಂಡೇ ಬರುತ್ತದೆ.

ವೆಚ್ಚ ಮರುಪಾವತಿ ಪಡೆಯುವವರು, ಅಂದರೆ ಸರ್ಕಾರಿ ನೌಕರರು, ವಿಮೆ ಇರುವವರು, ಕಾಗದದ ಬಿಲ್ಲನ್ನೇ ಕೇಳಿ ಪಡೆಯಿರಿ. ಸಾಮಾನ್ಯವಾಗಿ ಮೂಲ ಬಿಲ್ ಬೇಕಾಗುತ್ತದೆ. ಥರ್ಮಲ್ ಬಿಲ್ ಆಗಿದ್ದರೆ ಮನೆಗೆ ಬಂದ ದಿನವೇ ಅದರ ಫೋಟೊ ತೆಗೆಯಿರಿ, ಒಂದು ಝೆರಾಕ್ಸನ್ನೂ ಮಾಡಿಸಿ. ಬೇಕಾದ ಝೆರಾಕ್ಸ್ ಇದೊಂದೇ. ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟ ಥರ್ಮಲ್ ಚೀಟಿ ಸಂಜೆಗೆ ಕಪ್ಪಾಗಿರುತ್ತದೆ. ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನ ಮಾಡಿದ್ದು ಕೆಲ ತಿಂಗಳಲ್ಲಿ ಬೆಳ್ಳಗಾಗುತ್ತದೆ. ಸಾದಾ ಕಾಗದದ ಲಕೋಟೆಯಲ್ಲಿ, ನೆರಳಿನಲ್ಲಿಡಿ.

ಕಿತ್ತುಕೊಳ್ಳಬಾರದ ಕಾಗದ

ಹುಬ್ಬಳ್ಳಿಯಲ್ಲಿ 1957ರಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜಾಗಿ ಶುರುವಾಗಿ, ಮುಂದೆ ಕಿಮ್ಸ್ ಎಂದೇ ಎಲ್ಲರ ಬಾಯಲ್ಲಿ ನಿಂತ ಆಸ್ಪತ್ರೆಯ ಮುಂದೆ ಒಂದು ಮುಂಜಾನೆ ನಿಲ್ಲಿ. ಗದಗ, ಹಾವೇರಿ, ಬಾಗಲಕೋಟೆ, ಕಾರವಾರದ ಕಡೆಯಿಂದ ಬಂದವರ ಕೈಯಲ್ಲೆಲ್ಲ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಕೇಸ್ ಪೇಪರ್, ಹಳೆಯ ಚೀಟಿ, ರಕ್ತದ ರಿಪೋರ್ಟು, ಮಡಿಕೆ ಹರಿದ ಬಿಲ್ಲು. ಎಷ್ಟೋ ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇರುವುದು ಊರು ಬಿಟ್ಟು ದುಡಿಯುವ ಮಗನ ಹತ್ತಿರ. ಅವರ ರೋಗದ ಚರಿತ್ರೆಯೆಲ್ಲ ಆ ಚೀಲದಲ್ಲಿದೆ. ಇಂಥವರಿಗೆ ‘ಮೊಬೈಲಿಗೆ ಕಳಸೇವ್ರಿ’ ಎನ್ನುವುದು ಕಾಗದ ಉಳಿಸಿದಂತಲ್ಲ, ಔಷಧ ತಪ್ಪಿಸಿದಂತೆ.

ಗುಳಿಗೆ ಹಾಕಿಕೊಡುವ ಲಕೋಟೆಯೂ ಹೀಗೆಯೇ. ನಾನು ಅಂಗಡಿಯವನಾಗಿದ್ದರೆ ಬಿಲ್ಲಿನಲ್ಲಿ ಉಳಿಸಿದ ದುಡ್ಡನ್ನು ಈ ಲಕೋಟೆಗೆ ಹಾಕುತ್ತಿದ್ದೆ. ‘1-0-1’ ಎಂಬ ಅಂಕಿ ಎಲ್ಲರಿಗೂ ತಿಳಿಯುವುದಿಲ್ಲ. ಮುಂಜಾನೆಗೆ ಸೂರ್ಯ, ರಾತ್ರಿಗೆ ಚಂದ್ರ, ಊಟಕ್ಕೊಂದು ತಟ್ಟೆಯ ಚಿತ್ರ ಇರುವ ಲಕೋಟೆ ಮಾಡಿಸಿದರೆ ಓದು ಬಾರದವರೂ ತಪ್ಪು ಮಾಡುವುದಿಲ್ಲ. ಪಟ್ಟಿ ಕತ್ತರಿಸಿ ನಾಲ್ಕೇ ಗುಳಿಗೆ ಕೊಡುವಾಗ ಹೆಸರೂ ಎಕ್ಸ್‌ಪೈರಿಯೂ ಉಳಿದರ್ಧದಲ್ಲಿ ಹೋಗಿಬಿಟ್ಟಿರುತ್ತವೆ. ಅವನ್ನು ಲಕೋಟೆಯ ಮೇಲೆ ಬರೆಯಿರಿ. ಸಕ್ಕರೆಯ ಗುಳಿಗೆ, ಥೈರಾಯ್ಡ್ ಗುಳಿಗೆ ಬೇರೆ ಬೇರೆ ಲಕೋಟೆಯಲ್ಲಿರಲಿ. ಎರಡನ್ನೂ ಒಂದರಲ್ಲಿ ಹಾಕಿ ಉಳಿಸುವ ಕಾಗದಕ್ಕೆ ಬೆಲೆಯಿಲ್ಲ.

ಹಳೆಯ ಕಾಗದ ತೆಗೆಯುವಾಗ

ಪ್ರತಿ ರಿಜಿಸ್ಟರು ಮುಗಿದ ದಿನ ಅದರ ರಟ್ಟಿನ ಮೇಲೆ ಕೊನೆಯ ನಮೂದಿನ ತಾರೀಖು ಬರೆದಿಡಿ. 65ನೇ ನಿಯಮದ ದಾಖಲೆಗೆ ಆ ತಾರೀಖಿನಿಂದ ಕನಿಷ್ಠ 2 ವರ್ಷ, ಎಚ್‌1ಗೆ 3 ವರ್ಷ, ರೋಗಿಯ ಔಷಧ ದಾಖಲೆಗೆ 5 ವರ್ಷ. ಜಿಎಸ್‌ಟಿಗೆ ಸಂಬಂಧಿಸಿದ ಖರೀದಿ, ಮಾರಾಟದ ಬಿಲ್ಲುಗಳಿಗೆ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು. ಒಂದೇ ಕಾಗದಕ್ಕೆ ಎರಡು ಅವಧಿ ಬಂದರೆ ಉದ್ದನೆಯದನ್ನೇ ಹಿಡಿಯಿರಿ. ತಕರಾರು, ನೋಟಿಸು ನಡೆದಿದ್ದರೆ ಅವಧಿ ಮುಗಿದರೂ ಮುಟ್ಟಬೇಡಿ.

ಅವಧಿ ಮೀರಿದ್ದನ್ನು ಇಡಿಯಾಗಿ ರದ್ದಿಗೆ ತೂಗಬೇಡಿ. ರೋಗಿಯ ಹೆಸರು, ಕಾಯಿಲೆ ಊಹಿಸಲು ಸಾಕಾಗುವ ಗುಳಿಗೆಯ ಹೆಸರು ಎರಡೂ ಅದರಲ್ಲಿವೆ; ನಾಳೆ ಅದೇ ಹಾಳೆಯಲ್ಲಿ ಅವರ ನೆರೆಯವರೇ ಚುರಮರಿ ತಿಂದಾರು. ಸಣ್ಣದೊಂದು ಕಾಗದ ಕತ್ತರಿಸುವ ಯಂತ್ರವಿದ್ದರೆ ಒಳ್ಳೆಯದು; ಇಲ್ಲದಿದ್ದರೆ ಹೆಸರಿರುವ ಅಂಚನ್ನು ಹರಿದು, ನೀರಿನಲ್ಲಿ ನೆನೆಸಿ, ಹಿಸುಕಿ ಮುದ್ದೆ ಮಾಡಿ. ಉಳಿದದ್ದು ರದ್ದಿಯವನ ತಕ್ಕಡಿಗೆ.